ಸೋಡಿಯಂ ನಿಯೋಬೇಟ್‌ನ ಪಿ ಮತ್ತು ಕ್ಯೂ ಪ್ರಾವಸ್ಥೆಗಳನ್ನು ಎನ್‌ಎಂಆರ್‌ನಿಂದ ಬೇರ್ಪಡಿಸುವ ಕುರಿತು
ಸೀಸರಹಿತ ಪೆರೋವ್‌ಸ್ಕೈಟ್ (ಒಂದು ಬಗೆಯ ಸ್ಫಟಿಕ ರಚನೆಯ ವಸ್ತು) ಆದ ಸೋಡಿಯಂ ನಿಯೋಬೇಟ್ ಪುಡಿಯಲ್ಲಿ ಪಿ ಮತ್ತು ಕ್ಯೂ ಎಂಬ ಪ್ರಾವಸ್ಥೆಗಳು (ಒಂದೇ ವಸ್ತುವಿನ ಎರಡು ಭಿನ್ನ ಸ್ಫಟಿಕ ರಚನೆಗಳು) ಬೆರೆತಿವೆಯೇ ಎಂಬುದು ಎಕ್ಸ್-ರೇ ವಿವರ್ತನೆಯಿಂದ ತಿಳಿಯುತ್ತಿಲ್ಲ, ಘನಸ್ಥಿತಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಂಕೇತವನ್ನು ಅಳೆಯುವ ವಿಧಾನ) ನೆರವಾದೀತೇ ಎಂದು ಕೇಳಿದ್ದೀರಿ. ಖಂಡಿತ ನೆರವಾಗುತ್ತದೆ, ಅದು ಪ್ರತಿ ಸೋಡಿಯಂ ಪರಮಾಣುವಿನ ಸುತ್ತಲಿನ ಆಕ್ಸಿಜನ್‌ಗಳ ಜೋಡಣೆಗೇ ಸ್ಪಂದಿಸುತ್ತದೆ. ಸೋಡಿಯಂ-23ರ ಸ್ಪಿನ್ 3/2 ಆಗಿರುವುದರಿಂದ, ಮಾದರಿಯನ್ನು ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಕೋನದಲ್ಲಿ ಎಷ್ಟೇ ವೇಗವಾಗಿ ತಿರುಗಿಸಿದರೂ ಎರಡನೇ ದರ್ಜೆಯ ಕ್ವಾಡ್ರುಪೋಲಾರ್ ಪರಿಣಾಮ (ಗೋಳಾಕಾರವಲ್ಲದ ಪರಮಾಣು ಬೀಜಕ್ಕೂ ಸುತ್ತಲಿನ ವಿದ್ಯುತ್ ಕ್ಷೇತ್ರಕ್ಕೂ ನಡುವಿನ ಕ್ರಿಯೆ) ಪೂರ್ತಿ ಅಳಿಯದೆ, ವರ್ಣಪಟಲದಲ್ಲಿ ಹಿಗ್ಗಿದ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ 1995ರಲ್ಲಿ ಫ್ರಿಡ್‌ಮನ್ ಮತ್ತು ಹಾರ್ವುಡ್ ಪ್ರಕಟಿಸಿದ ಎಂಕ್ಯುಎಂಎಎಸ್ ವಿಧಾನವನ್ನೇ (ಆ ಹಿಗ್ಗುವಿಕೆಯನ್ನು ತೆಗೆದು ಗೆರೆಗಳನ್ನು ಬೇರ್ಪಡಿಸುವ ಎರಡು ಆಯಾಮದ ಎನ್‌ಎಂಆರ್ ಪ್ರಯೋಗ) ಬಳಸಿ. ಎರಡೂ ಪ್ರಾವಸ್ಥೆಗಳಲ್ಲಿ ತಲಾ ಎರಡು ಸೋಡಿಯಂ ಸ್ಥಾನಗಳಿವೆ, ಹಾಗಾಗಿ ಎರಡಕ್ಕಿಂತ ಹೆಚ್ಚು ಗೆರೆಗಳು ಕಂಡರೆ ಮಿಶ್ರಣವೆಂದು ಶಂಕಿಸಬಹುದು. ಆದರೆ ಆ ಎಂಕ್ಯುಎಂಎಎಸ್ ವರ್ಣಪಟಲದ ತೀವ್ರತೆಯಿಂದ ನೇರವಾಗಿ ಪ್ರಮಾಣ ಲೆಕ್ಕಹಾಕಬೇಡಿ (ಈ ಎಡವಟ್ಟು ಬಹಳ ಸಾಮಾನ್ಯ), ಏಕೆಂದರೆ ಪ್ರಚೋದನೆಯ ದಕ್ಷತೆ ಸ್ಥಾನದಿಂದ ಸ್ಥಾನಕ್ಕೆ ಬದಲಾಗುತ್ತದೆ. ಪ್ರಮಾಣಕ್ಕಾಗಿ ಚಿಕ್ಕ ಪಲ್ಸ್‌ನಿಂದ ದಾಖಲಿಸಿದ ಏಕ ಆಯಾಮದ ವರ್ಣಪಟಲವನ್ನೇ ಹೊಂದಿಸಿ ನೋಡಿ.