ಮೂಡಿಗೆರೆಯವರು ಅಮೆರಿಕಕ್ಕೆ ಹೋಗಿ ಮರ ನೋಡಬೇಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮಗಳ ಮನೆಗೆ ಹೋಗುತ್ತಿದ್ದೇವೆ. ಎರಡು ದಿನ ಕಾರಿನಲ್ಲಿ ಹೋಗಿ ರೆಡ್‌ವುಡ್ ಅನ್ನೋ ಮರಗಳ ಕಾಡು, ಪ್ರಪಂಚದ ಅತಿ ಎತ್ತರದ ಮರ ನೋಡೋಣ ಅಂತ ಅಳಿಯಂದಿರು ಹೇಳುತ್ತಿದ್ದಾರೆ. ಹುಟ್ಟಿದಾಗಿನಿಂದ ಮರದ ಕೆಳಗೇ ಇರುವ ನಮಗೆ ಅಲ್ಲಿ ನೋಡೋದೇನಿದೆ? ನಮ್ಮ ಯಜಮಾನರಿಗೆ ಮಂಡಿ ನೋವು ಬೇರೆ.

ಉತ್ತರ: ಹೋಗಿ ಬನ್ನಿ ಮೇಡಂ. ನಾನು ಹಾಸನದವನು, ನಾನೂ ಹೀಗೇ ಮೂಗು ಮುರಿದಿದ್ದೆ.

ಮೊದಲು ಅಳಿಯಂದಿರಿಗೆ ಒಂದು ಮಾತು. ಅತಿ ಎತ್ತರದ ಮರ ಹೈಪೀರಿಯನ್, 115 ಮೀಟರ್ ದಾಟಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬರ ಮೇಲೊಬ್ಬರಂತೆ ಆರು ಸಲ ನಿಲ್ಲಿಸಿದರೂ ತುದಿ ಸಿಗಲ್ಲ. ಆದರೆ ಅದನ್ನು ನೋಡೋ ಹಾಗಿಲ್ಲ. 2006ರಲ್ಲಿ ಪತ್ತೆಯಾದ ಮೇಲೆ ಜನ ನುಗ್ಗಿ ನುಗ್ಗಿ ಬುಡದ ನೆಲ ತುಳಿದು ಹಾಳು ಮಾಡಿದರು, 2022ರಲ್ಲಿ ಆ ಜಾಗವನ್ನೇ ಮುಚ್ಚಿದರು. ಹೋದರೆ 5000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಬಿಟ್ಟುಬಿಡಿ.

ನೀವು ಅವೆನ್ಯೂ ಆಫ್ ದಿ ಜೈಂಟ್ಸ್‌ಗೆ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ 101 ಹೆದ್ದಾರಿಯಲ್ಲಿ ನಾಲ್ಕು ಗಂಟೆ ದಾರಿ. ಚಾರ್ಮಾಡಿ ಇಳಿದು ಅಭ್ಯಾಸ ಇರೋರಿಗೆ ಅಲ್ಲಿನ ತಿರುವು ಲೆಕ್ಕಕ್ಕಿಲ್ಲ. ಹೆದ್ದಾರಿ ಪಕ್ಕದಲ್ಲೇ ಸಾಗುವ ಹಳೇ ರಸ್ತೆ ಇದು, ಸುಮಾರು 50 ಕಿಲೋಮೀಟರ್, ಶುಲ್ಕ ಇಲ್ಲ. ಉತ್ತರದ ತುದಿಯ ಊರಿನ ಹೆಸರು ಪೆಪ್ಪರ್‌ವುಡ್. ಖುಷಿಪಡಬೇಡಿ, ಮೆಣಸಿನ ಬಳ್ಳಿ ಒಂದೂ ಇಲ್ಲ.

ಕಾರಿನಲ್ಲೇ ಕೂತು ನೋಡಿದರೆ ಮಾತ್ರ ಹೋಗಿದ್ದೇ ದಂಡ. ಕತ್ತು ನೋಯುತ್ತೆ, ಎತ್ತರ ಗೊತ್ತಾಗಲ್ಲ. ಆ ರಸ್ತೆ ಪಕ್ಕದ ಫೌಂಡರ್ಸ್ ಗ್ರೋವ್ ಅನ್ನೋ ತೋಪಿನಲ್ಲಿ ಇಳಿಯಿರಿ. ಒಂದು ಕಿಲೋಮೀಟರ್‌ಗೂ ಕಡಿಮೆ, ಸಮತಟ್ಟಾದ ದಾರಿ, ಯಜಮಾನರು ನಿಧಾನಕ್ಕೆ ನಡೆಯಬಹುದು. ಅಲ್ಲಿ 1991ರಲ್ಲಿ ಬಿದ್ದ ಡೈಯರ್‌ವಿಲ್ ಜೈಂಟ್ ಅನ್ನೋ ರೆಡ್‌ವುಡ್ ಮರ ಇನ್ನೂ ಹಾಗೇ ಮಲಗಿದೆ. ಬುಡದಿಂದ ಕಾಂಡದ ಪಕ್ಕದಲ್ಲೇ ನಡೆಯುತ್ತಾ ಹೋದೆ, ಹೋದೆ, ಮುಗೀತಾನೇ ಇಲ್ಲ. ನಿಂತ ಮರ ಎಷ್ಟುದ್ದ ಅಂತ ನನಗೆ ತಿಳಿದದ್ದು ಆ ಬಿದ್ದ ಮರದಿಂದ. ಮೇಲೆದ್ದ ಬೇರಿನ ತಟ್ಟೆ ಎರಡಾಳಿಗಿಂತ ಎತ್ತರ ಇದೆ, ಆದರೆ ತಾಯಿಬೇರು ಅನ್ನೋದೇ ಇಲ್ಲ. ಬೇರು ಆಳಕ್ಕೆ ಹೋಗದೆ ಅಗಲಕ್ಕೆ ಹರಡುತ್ತೆ, ಪಕ್ಕದ ಮರದ ಬೇರಿಗೆ ಹೆಣೆದುಕೊಳ್ಳುತ್ತೆ. ತೊಗಟೆ ಒತ್ತಿ ನೋಡಿ, ತೆಂಗಿನ ನಾರಿನ ಹಾಗೆ ಮೆತ್ತಗೆ. ದೊಡ್ಡ ಮರದಲ್ಲಿ ಅದೇ ಒಂದು ಅಡಿ ದಪ್ಪ ಇರುತ್ತೆ, ಹಾಗಾಗಿ ಬೆಂಕಿ ಬಿದ್ದರೂ ಎಷ್ಟೋ ಮರ ಬದುಕಿವೆ. ಕೆಲವಕ್ಕೆ ಎರಡು ಸಾವಿರ ವರ್ಷ ದಾಟಿದೆ.

ಬೇಸಿಗೆಯಲ್ಲಿ ಅಲ್ಲಿ ಮಳೆ ಇಲ್ಲ, ಸಮುದ್ರದ ಮಂಜೇ ಆಧಾರ. ಎಲೆ ಮಂಜನ್ನು ಹೀರುತ್ತೆ, ಉಳಿದದ್ದು ತೊಟ್ಟಿಕ್ಕಿ ಬುಡಕ್ಕೆ ಬೀಳುತ್ತೆ. ನಿಮಗಿದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಜೂನ್ ಆದರೂ ಸ್ವೆಟರ್ ಇರಲಿ.

ಕಾಂಡ ಕೊರೆದು ಕಾರು ಹಾಯಿಸೋ ಮರ ನೋಡೋಕೆ ಸುಮ್ನೆ ದುಡ್ಡು ಕೊಡಬೇಡಿ. ನಾವು ಮುಕ್ಕಾಲು ಗಂಟೆ ಸಾಲಲ್ಲಿ ಕಾದೆವು, ಕೊನೆಗೆ ನಮ್ಮ ಕಾರು ಹಿಡಿಸಲಿಲ್ಲ! ಎರಡು ದಿನ ಜಾಸ್ತಿ ಅನ್ನಿಸಿದರೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದಲ್ಲೇ ಮ್ಯೂರ್ ವುಡ್ಸ್ ಅನ್ನೋ ರೆಡ್‌ವುಡ್ ಕಾಡು ಇದೆ, ಪಾರ್ಕಿಂಗ್ ಮೊದಲೇ ಬುಕ್ ಮಾಡಬೇಕು.

ಇನ್ನೊಂದು, ತೋಟದವರು ಅಂತ ಹೇಳುತ್ತಿದ್ದೇನೆ. ಇಷ್ಟು ದೊಡ್ಡ ಮರದ ಬೀಜ ಟೊಮೆಟೊ ಬೀಜದಷ್ಟೇ ಇರುತ್ತೆ, ನಾಲ್ಕು ಜೇಬಿಗೆ ಹಾಕಿಕೊಳ್ಳೋಣ ಅಂತ ಕೈ ತುರಿಸುತ್ತೆ. ಬೇಡ. ಪಾರ್ಕಿನಿಂದ ಎತ್ತೋ ಹಾಗಿಲ್ಲ, ಪರ್ಮಿಟ್ ಇಲ್ಲದೆ ಇಲ್ಲಿಗೆ ತರೋ ಹಾಗೂ ಇಲ್ಲ.