ನಂಬರ್ ಹೇಳಬೇಡಿ, ಟೋಕನ್ ಕೊಡಿ

ಈ ತಿಂಗಳ ಪತ್ರಗಳಲ್ಲಿ ಜಾಸ್ತಿ ಬಂದಿರುವುದು ಒಂದೇ ವಿಷಯದ ಸುತ್ತ. ಲಾಗಿನ್ ಆಗಿರುವವರ ಪ್ರೊಫೈಲನ್ನು ಸರ್ವರ್‌ನಿಂದ ತರಿಸುವುದು ಹೇಗೆ ಅಂತ. ಹಾಗಾಗಿ ಪಾಸ್‌ವರ್ಡ್ ಮರೆತವರು, ಪ್ರಿಂಟರ್ ಕೈಕೊಟ್ಟವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿ. ಒಂದು ಗ್ರಂಥಾಲಯಕ್ಕೆ ಆ್ಯಪ್ ಮಾಡುತ್ತಿದ್ದೇನೆ. ಲಾಗಿನ್ ಆದಾಗ ಸಿಗುವ ಯೂಸರ್ ಐಡಿಯನ್ನು ಫೋನಿನಲ್ಲಿಟ್ಟುಕೊಂಡು ‘/ಯೂಸರ್ಸ್/47’ ಅಂತ ಕೇಳಿ ಪ್ರೊಫೈಲ್ ತರಿಸುತ್ತೇನೆ. ಸರಿಯಾಗೇ ನಡೆಯುತ್ತಿದೆ. ಗೈಡ್ ಮಾತ್ರ ‘/ಯೂಸರ್ಸ್/ಮಿ’ ಮಾಡು ಅಂತಾರೆ. ನಡೀತಿರೋದನ್ನ ಯಾಕೆ ಬದಲಾಯಿಸಬೇಕು? (ದಾವಣಗೆರೆಯ ಓದುಗರು)

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಆ್ಯಪ್ ಕಳಿಸುವ ಅದೇ ರಿಕ್ವೆಸ್ಟನ್ನು ಪೋಸ್ಟ್‌ಮನ್‌ನಲ್ಲಿ (ಸರ್ವರ್‌ಗೆ ನೇರವಾಗಿ ರಿಕ್ವೆಸ್ಟ್ ಕಳಿಸಿ ನೋಡುವ ಸಾಫ್ಟ್‌ವೇರ್) ಹಾಕಿ. ಟೋಕನ್ (ಲಾಗಿನ್ ಆದಾಗ ಸರ್ವರ್ ಕೊಡುವ ಗುರುತಿನ ಚೀಟಿ) ನಿಮ್ಮದೇ ಇರಲಿ, 47 ಇರುವಲ್ಲಿ 48 ಮಾಡಿ ಕಳಿಸಿ. ಬೇರೆಯವರ ಹೆಸರು, ಫೋನ್ ನಂಬರ್ ಬಂತಾ? ಬಂದರೆ ನಿಮ್ಮ ಗೈಡ್ ಹೇಳಿದ್ದು ಸರಿ.

ಆಷಾಢ ಶುಕ್ರವಾರ ಅಮ್ಮನನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬಂದು ಚಪ್ಪಲಿ ಸ್ಟ್ಯಾಂಡಿನಲ್ಲಿ ನಿಂತರೆ ಅಮ್ಮನ ಕೈಲಿ ಟೋಕನ್ ಇಲ್ಲ. ಪರ್ಸಿನೊಳಗೆಲ್ಲೋ ಸೇರಿಕೊಂಡಿದೆ. ‘ನಂದು 112, ನೆನಪಿದೆ, ಕೊಡಪ್ಪ’ ಅಂದರು. ಆ ಹುಡುಗ ತಲೆ ಎತ್ತಲೇ ಇಲ್ಲ. ‘ನಂಬರ್ ಹೇಳಿದ್ರೆ ಆಗಲ್ಲಮ್ಮ, ಟೋಕನ್ ಕೊಡಿ’ ಅಂದ. ಅಮ್ಮನಿಗೆ ಸಿಟ್ಟು, ನನಗೆ ಖುಷಿ. ನಂಬರನ್ನು ಯಾರು ಬೇಕಾದರೂ ಹೇಳಬಹುದು, ಅಲ್ವಾ? 113ರ ಗೂಡಿನಲ್ಲಿ ಹೊಸ ಚಪ್ಪಲಿ ಕಂಡರೆ ‘ನಂದು 113’ ಅನ್ನಬಹುದು. ನಿಮ್ಮ ಸರ್ವರ್ ಈಗ ಮಾಡುತ್ತಿರುವುದು ಅದನ್ನೇ. ಕೈಲಿ ಯಾವುದೋ ಒಂದು ಟೋಕನ್ ಇದೆಯಾ ಅಂತ ನೋಡುತ್ತದೆ, ಆಮೇಲೆ ಬಾಯಲ್ಲಿ ಹೇಳಿದ ನಂಬರಿನ ಚಪ್ಪಲಿ ಎತ್ತಿಕೊಡುತ್ತದೆ.

‘ಮಿ’ ಅಂದರೆ ‘ನಾನು’. ‘/ಯೂಸರ್ಸ್/ಮಿ’ ದಾರಿಯಲ್ಲಿ ನಂಬರೇ ಇರುವುದಿಲ್ಲ. ಆ್ಯಪ್ ಕಳಿಸುವುದು ‘ಆಥರೈಸೇಶನ್’ ಹೆಡರ್‌ನಲ್ಲಿ (ರಿಕ್ವೆಸ್ಟಿನ ಜೊತೆ ಹೋಗುವ ವಿವರದ ಸಾಲು) ‘ಬೇರರ್’ ಅಂತ ಬರೆದು ಪಕ್ಕದಲ್ಲಿ ಟೋಕನ್, ಅಷ್ಟೇ. ಸರ್ವರ್ ಟೋಕನ್ನಿನ ಸಹಿ ನೋಡುತ್ತದೆ, ಅವಧಿ ಮುಗಿದಿದೆಯಾ ನೋಡುತ್ತದೆ, ಒಳಗಿರುವ ‘ಸಬ್’ ಅನ್ನುವ ಗುರುತನ್ನು ತೆಗೆದುಕೊಂಡು ಡೇಟಾಬೇಸಿನಲ್ಲಿ ಅದೇ ಸಾಲನ್ನು ಹುಡುಕುತ್ತದೆ. ನೀವು ಯಾರು ಅಂತ ನೀವು ಹೇಳುವುದಿಲ್ಲ, ಟೋಕನ್ ಹೇಳುತ್ತದೆ. ಅಂದಹಾಗೆ ಈ ಬೇರರ್ ಹೋಟೆಲಿನ ಬೇರರ್ ಅಲ್ಲ. ‘ಯಾರು ಹಿಡಿದು ತಂದರೋ ಅವರಿಗೆ’ ಅಂತ ಅರ್ಥ. ಟೋಕನ್ ಬೀಳಿಸಿಕೊಂಡರೆ ಸಿಕ್ಕವರು ಚಪ್ಪಲಿ ಹಾಕಿಕೊಂಡು ಹೋಗುತ್ತಾರೆ. ಅದಕ್ಕೇ ಇದನ್ನು ಲಾಗ್ ಫೈಲಿನಲ್ಲಿ ಬರೆಯಬಾರದು, ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೆ ‘ಸ್ವಲ್ಪ ಟೆಸ್ಟ್ ಮಾಡೋ’ ಅಂತ ಕಳಿಸಬಾರದು.

ಹೇಳಿದ ನಂಬರನ್ನು ನಂಬಿ ಮಾಹಿತಿ ಕೊಡುವುದು ಕಾಲೇಜು ಹುಡುಗರು ಮಾತ್ರ ಮಾಡುವ ತಪ್ಪು ಅಂದುಕೊಳ್ಳಬೇಡಿ. ಸಾಫ್ಟ್‌ವೇರ್ ಭದ್ರತೆಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಎಪಿಐಗಳ (ಆ್ಯಪ್ ಸರ್ವರನ್ನು ಮಾತಾಡಿಸುವ ದಾರಿಗಳು) ಹತ್ತು ದೊಡ್ಡ ಅಪಾಯಗಳ ಪಟ್ಟಿ ಮಾಡುತ್ತದೆ. 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದಕ್ಕೇ. ಕೆಲವರು 47ರ ಬದಲು ಉದ್ದನೆಯ ಯುಯುಐಡಿ ಹಾಕಿ ಸಮಾಧಾನ ಮಾಡಿಕೊಳ್ಳುತ್ತಾರೆ. ಊಹಿಸುವುದು ಕಷ್ಟವಾಗುತ್ತದೆ, ನಿಜ. ಆದರೆ ಆ ಐಡಿ ಇನ್ನೊಂದು ಪುಟದಲ್ಲೋ ಲಿಂಕಿನಲ್ಲೋ ಕಂಡುಬಿಟ್ಟರೆ ಕಥೆ ಮತ್ತೆ ಅದೇ. ಹಾಗೆಯೇ ‘/ಮಿ’ ಒಂದನ್ನು ಮಾಡಿ ‘/ಯೂಸರ್ಸ್/48/ಬುಕ್ಸ್’ ಅನ್ನು ಬಾಗಿಲು ತೆಗೆದು ಬಿಟ್ಟರೆ ಪ್ರಯೋಜನವಿಲ್ಲ. ಲೈಬ್ರೇರಿಯನ್‌ಗೆ ಮಾತ್ರ ನಂಬರಿನ ದಾರಿ ಇರಲಿ, ಅಲ್ಲೂ ಅವರ ಪಾತ್ರ ಪರೀಕ್ಷಿಸಿ.

ಮಾಡಲು ಹೊರಟರೆ ಒಂದು ಗುಂಡಿ ಕಾದಿದೆ. ನಿಮ್ಮ ಕೋಡಿನಲ್ಲಿ ಈಗಾಗಲೇ ‘/ಯೂಸರ್ಸ್/ಐಡಿ’ ಇದೆ. ಅದರ ಕೆಳಗೆ ‘/ಯೂಸರ್ಸ್/ಮಿ’ ಬರೆದರೆ ಸರ್ವರ್ ಕೋಡ್ ಬರೆಯಲು ಬಳಸುವ ಎಕ್ಸ್‌ಪ್ರೆಸ್‌ನಲ್ಲಾಗಲಿ ಫಾಸ್ಟ್‌ಎಪಿಐನಲ್ಲಾಗಲಿ ಅದು ಕೆಲಸ ಮಾಡುವುದಿಲ್ಲ. ಎರಡೂ ಮೇಲಿನಿಂದ ಕೆಳಗೆ ಹುಡುಕುತ್ತವೆ. ‘ಮಿ’ ಅನ್ನುವುದೇ ಒಂದು ಐಡಿ ಅಂದುಕೊಂಡು ಐಡಿಯ ದಾರಿಗೇ ಕಳಿಸಿಬಿಡುತ್ತವೆ. ‘ಮಿ’ ಮೇಲಿರಲಿ, ಐಡಿ ಕೆಳಗಿರಲಿ. ಇದೊಂದಕ್ಕೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ, ಅದಕ್ಕೇ ಹೇಳಿದೆ.

ಇನ್ನೊಂದು ಮಾತು. ಡೇಟಾಬೇಸಿನ ಸಾಲನ್ನು ಹಾಗ್‌ಹಾಗೇ ಜೇಸನ್ (ಮಾಹಿತಿ ಕಳಿಸುವ ಬರಹದ ರೂಪ) ಮಾಡಿ ಕಳಿಸಬೇಡಿ. ನನ್ನ ಮೊದಲ ಕೆಲಸದಲ್ಲಿ ನಾನು ಹಾಗೇ ಮಾಡಿದ್ದೆ. ಹೆಸರು, ಫೋಟೊ ಜೊತೆಗೆ ಪಾಸ್‌ವರ್ಡಿನ ಹ್ಯಾಶ್ (ಗುರುತು ಸಿಗದ ಹಾಗೆ ಕಲಸಿಟ್ಟ ರೂಪ) ಕೂಡ ಫೋನಿಗೆ ಹೋಗುತ್ತಿತ್ತು. ಸ್ಕ್ರೀನಿನಲ್ಲಿ ಕಾಣದ್ದರಿಂದ ಮೂರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕಳಿಸಬೇಕಾದ್ದನ್ನು ಒಂದೊಂದೇ ಹೆಸರಿಸಿ ಕಳಿಸಿ.

ಪ್ರಶ್ನೆ: ಪ್ರೊಫೈಲ್ ಕೇಳಿದಾಗ ಒಮ್ಮೆ 401 ಬರುತ್ತೆ, ಒಮ್ಮೆ 403. ಎರಡೂ ‘ಒಳಗೆ ಬಿಡಲ್ಲ’ ಅಂತಲೇ ಅಲ್ಲವೇ? (ಶಿರಸಿಯ ಓದುಗರು)

401 ಅಂದರೆ ‘ನೀವು ಯಾರು ಅಂತ ಗೊತ್ತಾಗಲಿಲ್ಲ’. ಟೋಕನ್ ಇಲ್ಲ, ಹಳೆಯದಾಗಿದೆ, ಇಲ್ಲವೇ ಸಹಿ ಹೊಂದುತ್ತಿಲ್ಲ. 403 ಅಂದರೆ ‘ಯಾರು ಅಂತ ಚೆನ್ನಾಗಿ ಗೊತ್ತು, ಆದರೂ ಬಿಡಲ್ಲ’. 401ಕ್ಕೆ ‘ಅನ್‌ಆಥರೈಸ್ಡ್’ ಅಂತ ಹೆಸರಿಟ್ಟವರು ಎಲ್ಲರ ತಲೆ ಕೆಡಿಸಿದ್ದಾರೆ. 401 ಬಂದರೆ ರಿಫ್ರೆಶ್ ಟೋಕನ್ ಕೊಟ್ಟು ಹೊಸದು ತಂದು ಒಂದೇ ಒಂದು ಸಲ ಮತ್ತೆ ಪ್ರಯತ್ನಿಸಿ. ಆಗಲೂ 401 ಬಂದರೆ ಲಾಗಿನ್ ಪುಟಕ್ಕೆ ಕಳಿಸಿ. 403ಕ್ಕೆ ಹೊಸ ಟೋಕನ್ ತಂದರೆ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ.

ಪ್ರಶ್ನೆ: ಜೆಡಬ್ಲ್ಯುಟಿ ಟೋಕನ್ ಬಿಡಿಸಿ ನೋಡಿದೆ. ಹೆಸರು, ಇಮೇಲ್ ಎಲ್ಲ ಅದರೊಳಗೇ ಇದೆ! ಮತ್ಯಾಕೆ ಸರ್ವರ್‌ಗೆ ಹೋಗಿ ಪ್ರೊಫೈಲ್ ಕೇಳಬೇಕು? (ಉಡುಪಿಯ ಓದುಗರು)

ಕಾಲೇಜಿನ ಐಡಿ ಕಾರ್ಡಿನಲ್ಲಿ ಫೋಟೊ ಇರುತ್ತಲ್ಲ, ಹಾಗೆ. ಕಾರ್ಡು ಮಾಡಿಸಿದ ದಿನ ಹೇಗಿದ್ದಿರೋ ಅದು. ಬೆಳಿಗ್ಗೆ ಟೋಕನ್ ಕೊಟ್ಟ ಮೇಲೆ ಮಧ್ಯಾಹ್ನ ನೀವು ಹೆಸರು ತಿದ್ದಿದರೂ ಟೋಕನ್ನಿನೊಳಗೆ ಹಳೆಯದೇ. ಯಾರನ್ನೋ ಅಡ್ಮಿನ್ ಕೆಲಸದಿಂದ ತೆಗೆದರೂ ಅವರ ಟೋಕನ್ ಅವಧಿ ಮುಗಿಯುವ ತನಕ ‘ನಾನು ಅಡ್ಮಿನ್’ ಅನ್ನುತ್ತಲೇ ಇರುತ್ತದೆ.

ನೀವು ಅಷ್ಟು ಸುಲಭವಾಗಿ ಬಿಡಿಸಿ ಓದಿದಿರಿ ಅನ್ನುವುದನ್ನೂ ಗಮನಿಸಿ. ಸಾಮಾನ್ಯವಾಗಿ ಸಿಗುವ ಜೆಡಬ್ಲ್ಯುಟಿಗೆ ಸಹಿ ಇರುತ್ತದೆ, ಬೀಗ ಇರುವುದಿಲ್ಲ. ಒಳಗಿರುವುದು ಬೇಸ್64 ಅನ್ನುವ ಬರೀ ಬರವಣಿಗೆಯ ರೂಪ, ಯಾರು ಬೇಕಾದರೂ ಓದಬಹುದು. ಫೋನ್ ನಂಬರ್, ವಿಳಾಸವನ್ನೆಲ್ಲ ಅದರಲ್ಲಿ ತುಂಬಬಾರದು. ಗುರುತು ಮಾತ್ರ ಟೋಕನ್ನಿನಲ್ಲಿರಲಿ, ಮಿಕ್ಕಿದ್ದು ಪ್ರೊಫೈಲ್ ಕೇಳಿದಾಗ ಬರಲಿ.

ಲಾಗಿನ್‌ಗೆಂದೇ ಇರುವ ಓಪನ್‌ಐಡಿ ಕನೆಕ್ಟ್ ಅನ್ನುವ ನಿಯಮಾವಳಿ 2014ರಿಂದ ಇದನ್ನು ಚೊಕ್ಕವಾಗಿ ಬೇರೆ ಮಾಡಿದೆ. ಆ್ಯಪ್ ಓದುವುದಕ್ಕೆ ಐಡಿ ಟೋಕನ್. ಸರ್ವರ್‌ಗೆ ತೋರಿಸುವುದಕ್ಕೆ ಆ್ಯಕ್ಸೆಸ್ ಟೋಕನ್. ಅದನ್ನು ತೋರಿಸಿ ಪ್ರೊಫೈಲ್ ಪಡೆಯುವ ಜಾಗಕ್ಕೆ ‘ಯೂಸರ್‌ಇನ್ಫೋ’ ಅಂತ ಹೆಸರು. ಅಲ್ಲಿಂದ ಬಂದ ‘ಸಬ್’ ಮತ್ತು ಐಡಿ ಟೋಕನ್ನಿನ ‘ಸಬ್’ ಒಂದೇನಾ ಅಂತ ಆ್ಯಪ್ ನೋಡಲೇಬೇಕು. ಬೇರೆ ಬೇರೆ ಆಗಿದ್ದರೆ ಬಂದದ್ದನ್ನು ಬಳಸುವಂತಿಲ್ಲ. ಇಮೇಲನ್ನೇ ಗುರುತು ಅಂತ ಹಿಡಿದುಕೊಳ್ಳಬೇಡಿ. ಜನ ಇಮೇಲ್ ಬದಲಾಯಿಸುತ್ತಾರೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ‘/ಯೂಸರ್’ ಕೇಳಿದರೆ, ಇಮೇಲ್ ಗುಟ್ಟಾಗಿಟ್ಟವರ ಆ ಜಾಗ ಖಾಲಿ ಬರುತ್ತದೆ.

ಪ್ರಶ್ನೆ: ಪ್ರತಿ ಸ್ಕ್ರೀನಿನಲ್ಲೂ ಪ್ರೊಫೈಲ್ ಕೇಳುವುದರಿಂದ ನಮ್ಮ ಆ್ಯಪ್ ನಿಧಾನ. ಕ್ಯಾಶ್ ಮಾಡಬಹುದಾ? (ಬೆಳಗಾವಿಯ ಓದುಗರು)

ಕ್ಯಾಶ್ ಅಂದರೆ ಒಮ್ಮೆ ಬಂದ ಉತ್ತರವನ್ನು ಇಟ್ಟುಕೊಂಡು ಮತ್ತೆ ಅದನ್ನೇ ಕೊಡುವುದು. ಅದನ್ನು ಫೋನಿನೊಳಗೆ ಮಾಡಿ, ದಾರಿಯಲ್ಲಿ ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ಶನಿವಾರ ಬೆಳಿಗ್ಗೆ ಏಳೂವರೆಗೆ ಫೋನು. ‘ಮೇಡಂ, ನನ್ನ ಆ್ಯಪ್ ತೆಗೆದರೆ ‘ನಮಸ್ಕಾರ ಗಿರಿಜಾ’ ಅಂತಿದೆ. ನಾನು ಗಿರಿಜಾ ಅಲ್ಲ.’ ಐದು ನಿಮಿಷಕ್ಕೆ ಇನ್ನೊಂದು ಫೋನು, ಅವರಿಗೂ ಗಿರಿಜಾ. ಎಂಟು ಗಂಟೆಯ ಹೊತ್ತಿಗೆ ನಮ್ಮ ಮ್ಯಾನೇಜರ್ ಕೂಡ ಗಿರಿಜಾ. ನಿಜವಾದ ಗಿರಿಜಾ ಅವರಿಗೆ ಮಾತ್ರ ಎಲ್ಲ ಸರಿಯಾಗಿತ್ತು.

ಆದದ್ದು ಇಷ್ಟು. ಪುಟಗಳು ಬೇಗ ತೆರೆಯಲಿ ಅಂತ ಹಿಂದಿನ ದಿನ ಒಬ್ಬರು ಸರ್ವರ್‌ನ ಎಲ್ಲ ಉತ್ತರಗಳಿಗೂ ‘ಕ್ಯಾಶ್-ಕಂಟ್ರೋಲ್: ಪಬ್ಲಿಕ್’ ಅಂತ ಒಂದು ಸಾಲು ಹಾಕಿದ್ದರು. ಆ ಒಬ್ಬರು ನಾನೇ. ಆಥರೈಸೇಶನ್ ಹೆಡರ್ ಇರುವ ರಿಕ್ವೆಸ್ಟಿನ ಉತ್ತರವನ್ನು ಮಧ್ಯದಲ್ಲಿ ಎಲ್ಲರಿಗೂ ಸೇರಿ ಇರುವ ಕ್ಯಾಶ್ ಸುಮ್ನೆ ಇಟ್ಟುಕೊಳ್ಳಬಾರದು, ಅದು ಎಚ್‌ಟಿಟಿಪಿ ನಿಯಮ. ಆದರೆ ‘ಪಬ್ಲಿಕ್’ ಅಂತ ನಾವೇ ಬಾಯಿಬಿಟ್ಟು ಹೇಳಿದರೆ ಆ ನಿಯಮಕ್ಕೆ ವಿನಾಯಿತಿ. ನಂಬರ್ ಇದ್ದ ದಾರಿಯಲ್ಲಾದರೆ 47ಕ್ಕೆ ಒಂದು ಉತ್ತರ, 48ಕ್ಕೆ ಇನ್ನೊಂದು. ‘/ಮಿ’ ದಾರಿಯ ವಿಳಾಸ ಎಲ್ಲರಿಗೂ ಒಂದೇ! ಬೆಳಿಗ್ಗೆ ಮೊದಲು ಆ್ಯಪ್ ತೆರೆದವರು ಗಿರಿಜಾ. ಅವರ ಉತ್ತರವನ್ನೇ ಕ್ಯಾಶ್ ಊರಿಗೆಲ್ಲ ಹಂಚಿತು, ಅವರ ಫೋನ್ ನಂಬರ್ ಸಮೇತ. ಅವರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. (ಗಿರಿಜಾ ಅನ್ನುವುದು ಇಲ್ಲಿಗಾಗಿ ಇಟ್ಟ ಹೆಸರು.)

ಹಾಗಾಗಿ ಈ ಉತ್ತರಕ್ಕೆ ‘ನೋ-ಸ್ಟೋರ್’ (ಎಲ್ಲೂ ಇಟ್ಟುಕೊಳ್ಳಬೇಡ) ಹಾಕಿ, ಕಡಿಮೆ ಅಂದರೆ ‘ಪ್ರೈವೇಟ್’ (ಬಳಸುವವರ ಫೋನಿನಲ್ಲಿ ಮಾತ್ರ). ಆ್ಯಪ್ ಶುರುವಾದಾಗ ಒಂದು ಸಲ ಪ್ರೊಫೈಲ್ ತಂದು ನೆನಪಿನಲ್ಲಿಟ್ಟುಕೊಳ್ಳಿ. ತಿದ್ದಿದಾಗ ಮತ್ತೆ ತನ್ನಿ. ಲಾಗೌಟ್ ಆದಾಗ ಅಳಿಸಿ. ಈ ಕೊನೆಯದನ್ನು ಜನ ಮರೆಯುತ್ತಾರೆ. ಮನೆಯಲ್ಲಿ ಒಂದೇ ಫೋನನ್ನು ಇಬ್ಬರು ಬಳಸುವಾಗ ಅಕ್ಕನ ಫೋಟೊ ತಂಗಿಯ ಲಾಗಿನ್‌ನಲ್ಲಿ ಕಾಣುವುದು ಹೀಗೇ.

ಪ್ರಶ್ನೆ: ಮೈಕ್ರೋಸಾಫ್ಟ್ ಗ್ರಾಫ್‌ನ (ಮೈಕ್ರೋಸಾಫ್ಟ್ ಖಾತೆಗಳ ಮಾಹಿತಿ ಕೊಡುವ ಎಪಿಐ) ‘/ಮಿ’ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬರುತ್ತೆ. ಅದೇ ಕೋಡನ್ನು ರಾತ್ರಿ ತಾನೇ ಓಡುವ ಕೆಲಸಕ್ಕೆ ಹಾಕಿದರೆ ಎರರ್. (ಬೆಂಗಳೂರಿನ ಓದುಗರು)

ರಾತ್ರಿ ಎರಡು ಗಂಟೆಗೆ ‘ನಾನು’ ಅನ್ನುವುದಕ್ಕೆ ಅಲ್ಲಿ ಯಾರಿದ್ದಾರೆ? ಲ್ಯಾಪ್‌ಟಾಪಿನಲ್ಲಿ ನೀವು ಲಾಗಿನ್ ಆಗಿದ್ದಿರಿ. ಆ ರಾತ್ರಿ ಕೆಲಸ ಆ್ಯಪಿನದೇ ಗುಟ್ಟು ಕೀ ಕೊಟ್ಟು ಟೋಕನ್ ತಂದಿದೆ, ಅದರ ಹಿಂದೆ ಮನುಷ್ಯರಿಲ್ಲ. ಅಲ್ಲಿ ‘/ಯೂಸರ್ಸ್/’ ಮುಂದೆ ಐಡಿ ಕೊಟ್ಟೇ ಕೇಳಬೇಕು, ಅದಕ್ಕೆ ಅಡ್ಮಿನ್ ಒಪ್ಪಿಗೆಯೂ ಬೇಕು. ಮತ್ತೆ ಗ್ರಾಫ್ ಕೇಳದೆ ಎಲ್ಲವನ್ನೂ ಕೊಡುವುದಿಲ್ಲ. ವಿಭಾಗದ ಹೆಸರು ಬೇಕಿದ್ದರೆ ‘ಸೆಲೆಕ್ಟ್’ ಹಾಕಿ ಹೆಸರು ಹೇಳಿ ಕೇಳಿ.

ಪ್ರಶ್ನೆ: ಪ್ರೊಫೈಲಿನಲ್ಲಿ ಹೆಸರು ‘ಗಿವನ್ ನೇಮ್’, ‘ಫ್ಯಾಮಿಲಿ ನೇಮ್’ ಅಂತ ಎರಡಾಗಿ ಬರುತ್ತೆ. ನಮ್ಮ ಕಡೆ ಅರ್ಧ ಜನರಿಗೆ ಎರಡನೆಯದು ಇಲ್ಲ. ಜೊತೆಗೆ ಕನ್ನಡದಲ್ಲಿ ಬರೆದವರ ಹೆಸರು ‘????’ ಅಂತ ಬರುತ್ತಿದೆ. (ತುಮಕೂರಿನ ಓದುಗರು)

ನಮ್ಮಪ್ಪನ ಇನಿಶಿಯಲ್ ‘ಟಿ’. ಟಿ ಅಂದರೆ ತಿಪಟೂರು. ಯಾವುದೋ ಫಾರಂ ಫ್ಯಾಮಿಲಿ ನೇಮ್ ಇಲ್ಲದೆ ಮುಂದೆ ಹೋಗಲು ಬಿಡಲಿಲ್ಲ ಅಂತ ಊರನ್ನೇ ಬರೆದರು. ಅವತ್ತಿನಿಂದ ಅವರಿಗೆ ‘ಡಿಯರ್ ಮಿಸ್ಟರ್ ತಿಪಟೂರು’ ಅಂತ ಮೆಸೇಜ್ ಬರುತ್ತದೆ. ಇಡೀ ಊರಿನ ಪರವಾಗಿ ಅವರೇ ಓದಿಕೊಳ್ಳುತ್ತಾರೆ.

ಓಪನ್‌ಐಡಿ ಕನೆಕ್ಟ್‌ನಲ್ಲಿ ‘ನೇಮ್’ ಅಂತ ಇನ್ನೊಂದು ಇದೆ. ಪೂರ್ತಿ ಹೆಸರು, ಜನ ಬರೆದುಕೊಳ್ಳುವ ಹಾಗೆಯೇ. ತೋರಿಸುವುದಕ್ಕೆ ಅದನ್ನೇ ಬಳಸಿ. ಎರಡು ತುಂಡು ಜೋಡಿಸಿ ನೀವೇ ಹೆಸರು ಕಟ್ಟಬೇಡಿ. ಫ್ಯಾಮಿಲಿ ನೇಮ್ ಕಡ್ಡಾಯ ಮಾಡಬೇಡಿ, ಖಾಲಿ ಬಂದರೆ ಕೋಡ್ ಬೀಳದ ಹಾಗೆ ಬರೆಯಿರಿ.

ಉದ್ದವನ್ನೂ ನೋಡಿಕೊಳ್ಳಿ. ‘ಶ್ರೀನಿವಾಸಮೂರ್ತಿ’ ಕಣ್ಣಿಗೆ 6 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 15, ಅದು ಒತ್ತು, ಗುಣಿತದ ಗುರುತುಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ರೂಪದಲ್ಲಿ 45 ಬೈಟ್, ಕನ್ನಡದ ಒಂದೊಂದಕ್ಕೂ 3 ಬೈಟ್ ಬೇಕು. ಹತ್ತಕ್ಕೆ ಕತ್ತರಿಸು ಅಂತ ಕೋಡಿನಲ್ಲಿದ್ದರೆ ಅವರು ‘ಶ್ರೀನಿವಾಸಮ’ ಆಗಿಬಿಡುತ್ತಾರೆ.

ಇನ್ನು ಪ್ರಶ್ನಾರ್ಥಕ ಚಿಹ್ನೆಗಳು. ಅವು ಎಲ್ಲಿ ಹುಟ್ಟಿದವು ಅಂತ ಹುಡುಕಬೇಕು. ಡೇಟಾಬೇಸಿನಲ್ಲಿ ಆ ಹೆಸರಿನ ಹೆಕ್ಸ್ ಬೆಲೆ (ಬೈಟುಗಳನ್ನು 16ರ ಲೆಕ್ಕದಲ್ಲಿ ಬರೆದದ್ದು) ತೆಗೆದು ನೋಡಿ. ‘ಇ0 ಬಿ2’ ಅಥವಾ ‘ಇ0 ಬಿ3’ ಅಂತ ಶುರುವಾಗುವ ಮೂರು ಮೂರು ಬೈಟ್ ಇದ್ದರೆ ಕನ್ನಡ ಭದ್ರವಾಗಿದೆ. ತರುವ ದಾರಿಯಲ್ಲಿ, ಅಂದರೆ ಡೇಟಾಬೇಸ್ ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್‌ನಲ್ಲಿ ತಪ್ಪಿದೆ, ಯುಟಿಎಫ್-8 ಮಾಡಿದರೆ ಸರಿಹೋಗುತ್ತದೆ. ಬರೀ ‘3ಎಫ್ 3ಎಫ್ 3ಎಫ್’ ಅಂತಿದ್ದರೆ ಬರೆಯುವಾಗಲೇ ಹೆಸರು ಹೋಗಿದೆ. 3ಎಫ್ ಅಂದರೇ ಪ್ರಶ್ನಾರ್ಥಕ ಚಿಹ್ನೆ. ಆಗ ಮೊದಲು ಟೇಬಲ್, ಕನೆಕ್ಷನ್ ಎರಡನ್ನೂ ಸರಿ ಮಾಡಿ. ಆಮೇಲೆ ಆ ಜನಕ್ಕೆಲ್ಲ ಮೆಸೇಜ್ ಕಳಿಸಿ, ಹೆಸರು ಇನ್ನೊಂದು ಸಲ ತುಂಬಿಸಿಕೊಳ್ಳಿ. ಮೆಸೇಜಿನ ಶುರುವಿನಲ್ಲಿ ‘ಪ್ರಿಯ ????’ ಅಂತ ಹೋಗದ ಹಾಗೆ ನೋಡಿಕೊಳ್ಳಿ.