ರಿಪೀಟರ್ ನಮಗೆ ಕೇಳುತ್ತದೆ, ನಾವು ಅದಕ್ಕೆ ಕೇಳುತ್ತಿಲ್ಲ

ಓದುಗರ ಪ್ರಶ್ನೆಗಳಿಗೆ ಮಡಿಕೇರಿಯಿಂದ ಒಬ್ಬ ಹ್ಯಾಮ್ (ಹವ್ಯಾಸಕ್ಕೆ ರೇಡಿಯೋ ನಡೆಸುವವರು) ಉತ್ತರ

ಪ್ರಶ್ನೆ: ನಾಪೋಕ್ಲು ಹತ್ತಿರ ಗದ್ದೆ ಬದಿಯಲ್ಲಿ ನಮ್ಮ ಮನೆ. ಹ್ಯಾಮ್ ಲೈಸೆನ್ಸ್ ಬಂದಿದೆ, ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು). ಬಾವೊಫೆಂಗ್ ಯುವಿ-5ಆರ್ ಹ್ಯಾಂಡ್‌ಸೆಟ್ ಇದೆ. ಮಡಿಕೇರಿ ಕಡೆ ಗುಡ್ಡದ ಮೇಲಿರುವ, ನಮ್ಮ ದನಿ ಹಿಡಿದು ಮತ್ತೆ ದೂರಕ್ಕೆ ಕಳಿಸುವ ರಿಪೀಟರಿನಲ್ಲಿ ಮಾತಾಡುವವರು ಚೆನ್ನಾಗಿಯೇ ಕೇಳಿಸುತ್ತಾರೆ. ನಾನು ಕರೆದರೆ ಮಾತ್ರ ಯಾರೂ ಓಗೊಡುವುದಿಲ್ಲ. 25 ವಾಟಿನ ಸೆಟ್ ತಗೊಳ್ಳಿ ಅಂತ ಗೆಳೆಯರು ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ ಸರ್. ಸೆಟ್ಟಿಂಗ್ ತಪ್ಪಿದ್ದರೆ 5 ವಾಟಿನಲ್ಲಿ ಆಗದ ಕೆಲಸ 50 ವಾಟಿನಲ್ಲೂ ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಒಂದು ಒಳ್ಳೇ ಸುಳಿವಿದೆ: ಕೇಳಿಸುತ್ತದೆ. ಅಂದರೆ ರಿಪೀಟರಿನಿಂದ ನಿಮ್ಮ ಮನೆವರೆಗೆ ದಾರಿ ಇದೆ. ನಿಮ್ಮಿಂದ ಅದಕ್ಕೆ ಹೋಗುವ ದಾರಿಯನ್ನಷ್ಟೇ ಹುಡುಕಬೇಕು.

ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಹೇಳುತ್ತದೆ. 2 ಮೀಟರ್ ಬ್ಯಾಂಡಿನಲ್ಲಿ, ಅಂದರೆ ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ, ಇದನ್ನು ಆಫ್‌ಸೆಟ್ ಅನ್ನುತ್ತೇವೆ. ನೀವು ಕೇಳುವುದು ಉದಾಹರಣೆಗೆ 145.700 ಆದರೆ ಕಳಿಸಬೇಕಾದ್ದು 145.100. ನಿಮ್ಮ ರಿಪೀಟರಿನ ಸರಿಯಾದ ಅಂಕಿಗಳನ್ನೂ ಟೋನನ್ನೂ ಅದನ್ನು ನಡೆಸುವವರ ಹತ್ತಿರವೇ ಕೇಳಿ ಬರೆದಿಟ್ಟುಕೊಳ್ಳಿ. ಎಲ್ಲೋ ಸಿಕ್ಕಿದ ಹಳೇ ಪಟ್ಟಿ ನಂಬಬೇಡಿ.

ಈಗ ಸೆಟ್ ಕೈಗೆ ತಗೊಳ್ಳಿ. ಚಾನೆಲ್ ಮೋಡಿನಲ್ಲಿ ಅಲ್ಲ, ಫ್ರೀಕ್ವೆನ್ಸಿ ಮೋಡಿನಲ್ಲಿ ಇರಬೇಕು, ಮೇಲಿನ ಸಾಲಿನಲ್ಲಿ ಇರಬೇಕು. ಮೆನು 7, ಎರಡು ಸಾಲನ್ನೂ ಒಟ್ಟಿಗೆ ಕಾಯುವ ಡ್ಯುಯಲ್ ವಾಚ್. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಕೆಳಗಿನ ಸಾಲಿನಲ್ಲಿ ಯಾರೋ ಮಾತಾಡಿದ ಕೂಡಲೇ ನೀವು ಪಿಟಿಟಿ (ಮಾತಾಡುವಾಗ ಒತ್ತಿ ಹಿಡಿಯುವ ಬಟನ್) ಒತ್ತಿದರೆ ದನಿ ಅಲ್ಲಿಗೇ ಹೋಗುತ್ತದೆ. ರಿಪೀಟರ್ ಹೇಳುವ ಫ್ರೀಕ್ವೆನ್ಸಿ ಒತ್ತಿ. ಮೆನು 25ರಲ್ಲಿ ಮೈನಸ್. ಮೆನು 26ರಲ್ಲಿ 00.600. ಇಲ್ಲಿ ಸೊನ್ನೆ ಎಣಿಸಿ ಒತ್ತಿ. 06.000 ಆದರೆ ಅದು 6 ಮೆಗಾಹರ್ಟ್ಸ್, ಹ್ಯಾಮ್ ಬ್ಯಾಂಡ್ ಬಿಟ್ಟು ಯಾರದೋ ಜಾಗದಲ್ಲಿ ಮಾತಾಡಿದ ಹಾಗಾಗುತ್ತದೆ. ಮೆನು 13ರಲ್ಲಿ ಟೋನ್.

ಟೋನ್ ಅಂದರೆ ಬೀಗದ ಕೀ ಇದ್ದ ಹಾಗೆ. 67.0ರಿಂದ 254.1 ಹರ್ಟ್ಸ್‌ವರೆಗಿನ ಒಂದು ಸಣ್ಣ ಗುಂಯ್ ಶಬ್ದ ನಿಮ್ಮ ಮಾತಿನ ಅಡಿಯಲ್ಲಿ ಹೋಗುತ್ತಿರುತ್ತದೆ. ಅದು ಇದ್ದರೆ ಮಾತ್ರ ರಿಪೀಟರ್ ಬಾಗಿಲು ತೆಗೆಯುತ್ತದೆ. ಪಕ್ಕದ ಜಿಲ್ಲೆಯ ಗದ್ದಲಕ್ಕೆಲ್ಲ ಸುಮ್ನೆ ಎದ್ದು ಕೂರಬಾರದು ಅಂತ ಈ ವ್ಯವಸ್ಥೆ. ನೀವು ಕೇಳುವುದಕ್ಕೆ ಟೋನ್ ಬೇಕಿಲ್ಲ. ಮೆನು 11 ಆಫ್ ಇರಲಿ.

ಇಷ್ಟು ಮಾಡಿ ಎಲ್ಲರೂ ಎಡವುವುದು ಮೆಮೊರಿಗೆ ಹಾಕುವಾಗ. ಈ ಸೆಟ್ಟಿನಲ್ಲಿ ರಿಪೀಟರ್ ಚಾನೆಲ್ ಎರಡು ಸಲ ಉಳಿಸಬೇಕು. ಮೆನು 27, ಖಾಲಿ ಚಾನೆಲ್ ನಂಬರ್, ಮತ್ತೆ ಮೆನು ಒತ್ತಿದರೆ ಒಳಗಿನ ಹೆಂಗಸು "ರಿಸೀವಿಂಗ್ ಮೆಮೊರಿ" ಅನ್ನುತ್ತಾಳೆ. ಹೊರಗೆ ಬಂದು ಸ್ಟಾರ್ ಬಟನ್ ಒತ್ತಿ. ಫ್ರೀಕ್ವೆನ್ಸಿ ತಿರುಗುಮುರುಗು ಆಗುತ್ತದೆ. ಮತ್ತೆ ಮೆನು 27, ಅದೇ ನಂಬರ್. ಈಗ "ಟ್ರಾನ್ಸ್‌ಮಿಟಿಂಗ್ ಮೆಮೊರಿ" ಅನ್ನಬೇಕು. ಮೊದಲನೆಯದನ್ನಷ್ಟೇ ಮಾಡಿ ಬಿಟ್ಟರೆ ರಿಪೀಟರ್ ಚೆನ್ನಾಗಿ ಕೇಳಿಸುತ್ತದೆ, ಆದರೆ ಸೆಟ್ ಅದೇ ಫ್ರೀಕ್ವೆನ್ಸಿಯಲ್ಲೇ ಕಳಿಸುತ್ತದೆ. ನಿಮ್ಮ ಕಥೆಯೂ ಇದೇ ಇರಬಹುದು ಅಂತ ನನ್ನ ಅನುಮಾನ. ಪಿಟಿಟಿ ಒತ್ತಿದಾಗ ಪರದೆ ನೋಡಿ. 145.700 ಹೋಗಿ 145.100 ಬರಬೇಕು. ಬದಲಾಗದಿದ್ದರೆ ಕಳ್ಳ ಸಿಕ್ಕಿದ.

ಆಮೇಲೆ ಪರೀಕ್ಷೆ. ಯಾರೂ ಮಾತಾಡದಿರುವಾಗ ಪಿಟಿಟಿ ಒತ್ತಿ, ಅರೆ ಕ್ಷಣ ಬಿಟ್ಟು ಕಾಲ್‌ಸೈನ್ ಹೇಳಿ "ರೇಡಿಯೋ ಚೆಕ್" ಅಂತ ಹೇಳಿ, ಬಿಡಿ. ಸುಮ್ಮನೆ ಒತ್ತಿ ಬಿಡುವ ಅಭ್ಯಾಸ ಬೇಡ, ಅದು ಒಳ್ಳೇ ನಡತೆಯಲ್ಲ. ಬಿಟ್ಟ ಮೇಲೆ ಸೆಟ್ಟಿನ ತಲೆಯ ಮೇಲಿನ ದೀಪ ನೋಡಿ. ಕಳಿಸುವಾಗ ಕೆಂಪು ಇದ್ದದ್ದು ಒಂದೆರಡು ಸೆಕೆಂಡ್ ಹಸಿರಾಗಿ ಆರಿದರೆ ರಿಪೀಟರ್ ನಿಮ್ಮನ್ನು ಕೇಳಿಸಿಕೊಂಡಿದೆ ಅಂತ ಅರ್ಥ. ಅದರ ಟ್ರಾನ್ಸ್‌ಮಿಟರ್ ಕೂಡಲೇ ಆಫ್ ಆಗದೆ ಸ್ವಲ್ಪ ಹೊತ್ತು ಉಳಿಯುತ್ತದೆ, ಇದನ್ನು ಟೇಲ್ ಅನ್ನುತ್ತೇವೆ. ಟೇಲ್ ಬಂದೂ ಉತ್ತರ ಇಲ್ಲ ಅಂದರೆ ಎಲ್ಲರೂ ಕಾಫಿ ಕುಯ್ಲಿನಲ್ಲಿ ಇದ್ದಾರೆ ಅಂತ ತಿಳಿಯಿರಿ. ಸಂಜೆ ಕರೆಯಿರಿ.

ಟೇಲ್ ಬರಲೇ ಇಲ್ಲವಾ? ಆಗ ಮಾತ್ರ ದೂರ, ಗುಡ್ಡ, ಮರದ ಪ್ರಶ್ನೆ. ಗುಡ್ಡದ ಮೇಲಿನ ರಿಪೀಟರಿಗೆ ಎತ್ತರವೂ ಇದೆ, ಪವರ್ರೂ ಇದೆ. ನಿಮ್ಮ ಕೈಯಲ್ಲಿ ಐದು ವಾಟ್, ಒಂದು ಗೇಣು ರಬ್ಬರ್ ಆಂಟೆನಾ. ಅದು ನಿಮಗೆ ಕೇಳಿ, ನೀವು ಅದಕ್ಕೆ ಕೇಳದೆ ಇರುವುದು ಸಹಜ. ಮನೆಯೊಳಗಿಂದ ಹೊರಗೆ ಬನ್ನಿ, ಕಾಫಿ ಒಣಗಿಸುವ ಕಣದಲ್ಲಿ ನಿಂತು ನೋಡಿ. ಮೇಲೆ ಮರದ ನೆರಳಿಲ್ಲದ ಜಾಗ ಅದೊಂದೇ ಅಲ್ವಾ. ಈ ಅಲೆಯ ಉದ್ದ ಎರಡು ಮೀಟರ್. ಒಂದು ಹೆಜ್ಜೆ ಆಚೆ ಈಚೆ ಸರಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆಂಟೆನಾ ನೆಟ್ಟಗೆ ಇರಲಿ. ರಿಪೀಟರಿನದೂ ನೆಟ್ಟಗೇ ಇರುತ್ತದೆ, ನೀವು ಅಡ್ಡ ಹಿಡಿದರೆ ಸಿಗ್ನಲ್ ಭಾರೀ ಇಳಿಯುತ್ತದೆ.

ಕಣದಲ್ಲಿ ಸಿಕ್ಕಿದರೆ ಹೊರಗೆ ಆಂಟೆನಾ ಕಟ್ಟಿ. 5 ವಾಟನ್ನು 20 ಮಾಡಿದರೂ ಆಚೆ ಬದಿ ಸಿಗ್ನಲ್ ಮೀಟರಿನಲ್ಲಿ ಏರುವುದು ಒಂದು ಎಸ್ ಪಾಯಿಂಟ್, ಅಂದರೆ ಮೀಟರಿನ ಒಂದೇ ಅಂಕಿ. ಅದೂ ಕಳಿಸುವುದಕ್ಕೆ ಮಾತ್ರ. ಆಂಟೆನಾ ಮಾಡಿನ ಮೇಲೆ ಹೋದರೆ ಕೇಳುವುದು, ಹೇಳುವುದು ಎರಡೂ ಸುಧಾರಿಸುತ್ತದೆ. ಕೇಬಲ್ ಸಿಕ್ಕಿಸುವ ಎಸ್‌ಒ-239 ಸಾಕೆಟ್ ಒಂದು, ಹಿತ್ತಾಳೆ ಇಲ್ಲವೇ ಅಲ್ಯೂಮಿನಿಯಂ ಕಡ್ಡಿ ಐದು. ಸುಮಾರು 49 ಸೆಂಟಿಮೀಟರಿನದು ಮೇಲಕ್ಕೆ, ಸುಮಾರು 52ರ ನಾಲ್ಕು ಕೆಳಕ್ಕೆ, 45 ಡಿಗ್ರಿ ಬಾಗಿಸಿ. ಸ್ವಲ್ಪ ಉದ್ದವೇ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅಂತ ತೋರಿಸುವುದು) ನೋಡಿಕೊಂಡು ಗಿಡ್ಡ ಮಾಡುತ್ತಾ ಬನ್ನಿ. 1.5ಕ್ಕಿಂತ ಕೆಳಗೆ ಬಂದರೆ ಕತ್ತರಿ ಒಳಗಿಡಿ. ನಮ್ಮ ಮನೆಯಲ್ಲಿ ಬಚ್ಚಲು ಒಲೆಯ ಹೊಗೆ ಕೊಳವೆ ಪಕ್ಕ ಜಿಐ ಪೈಪಿಗೆ ಕಟ್ಟಿರುವುದು ಇಂಥದ್ದೇ.

ದುಡ್ಡು ಹಾಕುವುದಿದ್ದರೆ ಕೇಬಲ್‌ಗೆ ಹಾಕಿ. ತೆಳ್ಳಗಿನ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ 5 ವಾಟಿನಲ್ಲಿ ಆಂಟೆನಾಗೆ ತಲುಪುವುದು ಹತ್ತಿರಹತ್ತಿರ 2 ವಾಟ್. ಎಲ್‌ಎಂಆರ್-400 ಥರದ ದಪ್ಪ ಕೇಬಲ್ ಆದರೆ 4. ದಪ್ಪ ಕೇಬಲನ್ನು ನೇರ ಹ್ಯಾಂಡ್‌ಸೆಟ್ಟಿಗೆ ಸಿಕ್ಕಿಸಬೇಡಿ, ಆ ಪುಟ್ಟ ಸಾಕೆಟ್ ಕಿತ್ತು ಬರುತ್ತದೆ. ನಡುವೆ ಒಂದಡಿ ತೆಳ್ಳಗಿನ ತುಂಡು ಇರಲಿ. ಮೇಲಿನ ಜೋಡಣೆಗೆ ಎಳೆದು ಸುತ್ತಿದರೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ನಮ್ಮ ಆಟಿ ಮಳೆಗೆ ಸಾದಾ ಇನ್ಸುಲೇಷನ್ ಟೇಪ್ ಯಾವ ಲೆಕ್ಕ? ಒಮ್ಮೆ ನೀರು ಒಳಗೆ ಹೋದರೆ ಹೆಣಿಗೆ ತಂತಿಯ ಉದ್ದಕ್ಕೂ ಇಳಿದು ಕೇಬಲನ್ನೇ ಕಪ್ಪಾಗಿಸುತ್ತದೆ. ಗೋಡೆಯೊಳಗೆ ನುಗ್ಗುವ ಮುಂಚೆ ಕೇಬಲ್ ಕೆಳಗೆ ಜೋಲು ಬಿದ್ದು ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್, ಮೇ ಗುಡುಗಿನ ದಿನಗಳಲ್ಲಿ ಮೊದಲ ಸದ್ದು ಕೇಳುವ ಮುಂಚೆಯೇ ಕೇಬಲ್ ಕಳಚಿ ಮನೆಯಿಂದ ಹೊರಗೆ ಹಾಕಿ.

ಇಷ್ಟೆಲ್ಲ ಆದ ಮೇಲೂ ತಲುಪದಿದ್ದರೆ 25 ವಾಟಿನ ವಿಚಾರ ಮಾಡೋಣ. ನಿಮ್ಮ ದರ್ಜೆಗೆ ಎಷ್ಟು ಪವರ್ ಅಂತ ಲೈಸೆನ್ಸಿನಲ್ಲೇ ಇದೆ, ಓದಿಕೊಂಡೇ ಅಂಗಡಿಗೆ ಹೋಗಿ.

ಪ್ರಶ್ನೆ: ಸಿದ್ದಾಪುರ ಹತ್ತಿರ ನಮ್ಮ ತೋಟ. ಆನೆ ಕಾಟ ಜಾಸ್ತಿ. ರೈಟರ್, ಮೇಸ್ತ್ರಿ, ಲೈನ್ ಮನೆಯವರಿಗೆ ಒಂದೊಂದು ಹ್ಯಾಂಡ್‌ಸೆಟ್ ಕೊಟ್ಟು ಹ್ಯಾಮ್ ರಿಪೀಟರಿನಲ್ಲೇ ಆನೆ ಬಂತು ಅಂತ ಹೇಳಿಸಬಹುದಾ?

ಉತ್ತರ: ಆಗುವುದಿಲ್ಲ ಮೇಡಂ. ಹ್ಯಾಮ್ ಬ್ಯಾಂಡಿನಲ್ಲಿ ಪಿಟಿಟಿ ಒತ್ತುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ತೋಟದ ಕೆಲಸದ ಮಾತು ಅಲ್ಲಿ ಆಡುವಂತೆಯೂ ಇಲ್ಲ. ಇವತ್ತು ಆನೆ ಅಂತ ಶುರುವಾದದ್ದು ನಾಳೆ ಗೊಬ್ಬರದ ಮೂಟೆ, ಕೂಲಿ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ನಿಮಗೆ ಬೇಕಾದ್ದು ಲೈಸೆನ್ಸ್ ಬೇಡದ ವಾಕಿಟಾಕಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರಿನ ಸೆಟ್‌ಗಳಿಗೆ 2018ರ ನಿಯಮದಲ್ಲಿ ವಿನಾಯಿತಿ ಇದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಫ್ರೀಕ್ವೆನ್ಸಿಯೂ ಸರ್ಕಾರದ ಉಪಕರಣ ಅನುಮತಿಯೂ ಇದೆಯಾ ನೋಡಿ. "ಲೈಸೆನ್ಸ್ ಬೇಡ" ಅಂತ ಅಂಗಡಿಯವರು ಬಾಯಲ್ಲಿ ಹೇಳಿದರೆ ಸಾಲದು. ದೂರದ ಬಗ್ಗೆ ಪೆಟ್ಟಿಗೆ ಹೇಳುವುದನ್ನು ನಂಬಲೇಬೇಡಿ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ, ಎಲ್ಲಾ ನೆನೆದಿದ್ದರೆ ಈ ಫ್ರೀಕ್ವೆನ್ಸಿಗೆ ಎಲೆಗಳೇ ಗೋಡೆ. ತೋಟದ ತುದಿ ತುದಿಗೂ ಹೋಗಿ ಮಳೆಗಾಲದಲ್ಲೇ ಪರೀಕ್ಷಿಸಿ. ಮಧ್ಯೆ ಎತ್ತರದಲ್ಲಿರುವ ಮನೆಯವರು ಕೇಳಿದ್ದನ್ನು ಮತ್ತೊಮ್ಮೆ ಹೇಳಿದರೆ ಅವರೇ ನಿಮ್ಮ ರಿಪೀಟರ್.

ಪ್ರಶ್ನೆ: 2018ರ ಹಾಗೆ ಮತ್ತೆ ಆದರೆ ರಿಪೀಟರ್ ಉಳಿಯುತ್ತದಾ? (ಮಕ್ಕಂದೂರು ಕಡೆಯ ಓದುಗರು)

ಉತ್ತರ: ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ರಸ್ತೆ, ಕರೆಂಟು, ಫೋನು ಎಲ್ಲಾ ಒಟ್ಟಿಗೆ ಕೈಕೊಟ್ಟಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ರಿಪೀಟರ್ ಅಂದರೂ ಒಂದು ಪೆಟ್ಟಿಗೆ, ಒಂದು ಬ್ಯಾಟರಿ. ಮಾತು ಜಾಸ್ತಿಯಾದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ, ಆಗಸ್ಟಿನ ಮಂಜಿನಲ್ಲಿ ಸೋಲಾರ್ ಹೆಸರಿಗಷ್ಟೇ. ಹಾಗಾಗಿ ಅದು ಇರುವುದಿಲ್ಲ ಅಂತಲೇ ತಯಾರಾಗಿ.

ಊರಿನ ಹ್ಯಾಮ್‌ಗಳು ಸೇರಿ ಒಂದು ಸಿಂಪ್ಲೆಕ್ಸ್ ಫ್ರೀಕ್ವೆನ್ಸಿ ಈಗಲೇ ಗೊತ್ತು ಮಾಡಿಕೊಳ್ಳಿ. ಸೆಟ್‌ನಿಂದ ಸೆಟ್‌ಗೆ ನೇರ, ಆಫ್‌ಸೆಟ್ ಇಲ್ಲ, ಟೋನ್ ಇಲ್ಲ. ಯಾರ ಮನೆಯಿಂದ ಯಾರಿಗೆ ಕೇಳುತ್ತದೆ, ನಡುವೆ ದಾಟಿಸುವವರು ಯಾರು, ಇದನ್ನು ಬಿಸಿಲಿರುವಾಗಲೇ ಮಾಡಿ ನೋಡಿ. ಇನ್ನೊಂದು ಉಪಾಯ: ಯಾರಾದರೂ ರಿಪೀಟರಿನಲ್ಲಿ ಮಾತಾಡುವಾಗ ರಿವರ್ಸ್ (ಸ್ಟಾರ್ ಬಟನ್) ಒತ್ತಿ, ಅವರು ರಿಪೀಟರಿಗೆ ಕಳಿಸುವ ಫ್ರೀಕ್ವೆನ್ಸಿಯನ್ನೇ ಕೇಳಿ. ಅಲ್ಲೂ ಅವರ ದನಿ ಬಂದರೆ ನಿಮ್ಮಿಬ್ಬರಿಗೆ ರಿಪೀಟರ್ ಬೇಕಾಗಿಯೇ ಇಲ್ಲ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಪಿಯುಸಿ ಓದುತ್ತಿದ್ದೇನೆ. ಲೈಸೆನ್ಸ್ ಇಲ್ಲದೆ ಸೆಟ್ ತಗೊಂಡು ಬರೀ ಕೇಳಬಹುದಾ?

ಉತ್ತರ: ಬೇಡಮ್ಮಾ. ಕಳಿಸುವ ಸೆಟ್ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು. 12 ವರ್ಷ ದಾಟಿದವರೆಲ್ಲ ಪರೀಕ್ಷೆ ಬರೆಯಬಹುದು. ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕು. ಲೈಸೆನ್ಸಿನ ಆರಂಭದ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಕೋಡ್ ಇಲ್ಲ. ಪ್ರಶ್ನೆಗಳಲ್ಲಿ ಅರ್ಧ ನಿನ್ನ ಫಿಸಿಕ್ಸ್ ಪುಸ್ತಕದಲ್ಲೇ ಇವೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲೂ ರಿಪೀಟರ್ ಇದೆಯಂತೆ. ಕುಶಾಲನಗರದಿಂದ ಸಿಗುತ್ತದಾ?

ಉತ್ತರ: ಅದು ಆನ್ ಇದ್ದ ದಿನ ಸಿಗುತ್ತದೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವುದಕ್ಕೆ ನಮ್ಮ ಗುಡ್ಡಗಳ ಹಂಗಿಲ್ಲ. 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಕಳಿಸಿ, 437.800ರಲ್ಲಿ ಕೇಳಿ. ಅದು ವೇಗವಾಗಿ ಓಡುವುದರಿಂದ ಕೇಳುವ ಫ್ರೀಕ್ವೆನ್ಸಿ ಸರಿಯುತ್ತದೆ. ಬರುವಾಗ 437.810, ನೆತ್ತಿಯ ಮೇಲೆ 437.800, ಹೋಗುವಾಗ 437.790. ಒಂದು ಸಲ ಬಂದರೆ ಜಾಸ್ತಿ ಅಂದರೆ ಹತ್ತು ನಿಮಿಷ. ನಿಮ್ಮ ಕಾಲ್‌ಸೈನ್, ಆಮೇಲೆ ಗ್ರಿಡ್ (ನೀವಿರುವ ಜಾಗದ ಸಂಕೇತ) ಹೇಳಿ. ಕುಶಾಲನಗರವೂ ಮಡಿಕೇರಿಯೂ ವಿರಾಜಪೇಟೆಯೂ ಎಂಕೆ72. ಅಷ್ಟು ಹೇಳಿ ಪಿಟಿಟಿ ಬಿಡಿ. ಬೇರೆ ಊರಿನವರೂ ಅದೇ ಹತ್ತು ನಿಮಿಷಕ್ಕೆ ಕಾಯುತ್ತಿರುತ್ತಾರೆ.